ಕುಸುಬಿ ಎಣ್ಣಿ ಕುಡಿದ ಕಾರು

ಎಂಟು ವರ್ಷ ಒಂದ ಕಾರಿನ ಸೇವಾ ಮಾಡಿದೆ. ಅದರೊಳಗ ಕುಂತದ್ದು ಒಂದ ಸಲ. ಅದೂ ಅರ್ಧಾ ತಾಸು ಆಗಿರ್ಲಿಕ್ಕಿಲ್ಲ. ಈ ಮಾತು ತಗದ್ರ ನಮ್ಮಾಕಿ ಇವತ್ತಿಗೂ, "ಸಾಕ್ ಮಾಡ್ರಿ ಆ ಕೆಂಪಿ ಪುರಾಣಾ," ಅಂತಾಳ. ಕೆಂಪಿ ಅಂದ್ರ ಆ ಕಾರು. ಅಕಿನ ಇಟ್ಟ ಹೆಸರು. ನಗ್ತ ಇಟ್ಟಿದ್ಳು, ಮುಂದ ಮುಂದ ಅದು ಅಕಿ ಬಾಯಾಗ ಬೈಗಳ ಆತು.

ತೊಂಬತ್ತರ ದಶಕದ ನಡುವಿನ ಮಾತು. ವಿಜಾಪುರದ ಕಡೆಯಿಂದ ಪುಣೆಕ್ಕ ಬಂದಾಗ ನನ್ನ ಹತ್ರ ಇದ್ದದ್ದು ಎರಡ: ಐಟಿಐ ಫಿಟರ್ ಸರ್ಟಿಫಿಕೇಟು, ಮತ್ತ ಮೂರು ತಿಂಗಳ ಹಿಂದ ಲಗ್ನಾದ ಹೆಂಡತಿ. ಕೆಲಸಕ್ಕಂತ ಸೇರಿದ ಸಣ್ಣ ವರ್ಕ್‌ಶಾಪು ಮಳಿಗಾಲ ಮುಗಿಯೂದ್ರಾಗ ಬಾಗಲಾ ಹಾಕ್ತು. ತಿರುಗಿ ಊರಿಗೆ ಹೋಗಾಕ ಮಾರಿ ಇರಲಿಲ್ಲ. ಮಗ ಪುಣೇದಾಗ ಫಿಟರ್ ಆಗ್ಯಾನ ಅಂತ ನಮ್ಮಪ್ಪ ಊರ ತುಂಬ ಡಂಗುರಾ ಹೊಡದಿದ್ದ. ಅಷ್ಟರಾಗ ಪರಿಚಯದವರೊಬ್ರು ಸುದ್ದಿ ತಂದ್ರು. ಮಿಲಿಟರಿ ಕ್ಯಾಂಪಿನ ಆಚೆ ಒಂದು ಬಂಗ್ಲೆ ಅದ, ಅಲ್ಲಿ ಸಾಹೇಬ್ರ ಕಡೆ ಪರದೇಶದ್ದು ಸ್ಪೋರ್ಟ್ಸ್ ಕಾರ್ ಅದ, ಅದನ್ನ ತೊಳದು ಒರಸಿ ನೋಡ್ಕೊಳ್ಳಾಕ ಒಬ್ಬ ಮನಷಾ ಬೇಕಂತ, ಇರಾಕ ಹಿತ್ತಲದಾಗ ಒಂದು ಖೋಲಿನೂ ಕೊಡ್ತಾರಂತ. ಎರಡು ತಿಂಗಳು ಮಾಡಿದ್ರಾತು, ಅಷ್ಟರಾಗ ಎಲ್ಲೆರೆ ಒಳ್ಳೆ ಕಾರ್ಖಾನಿ ಸಿಗ್ತದ ಅಂತ ಹೋದೆ.

ಸಾಹೇಬ್ರು ಸಕ್ಕರಿ ಕಾರ್ಖಾನಿಗಳಿಗೆ ಮಷೀನು ಮಾರೋರು. ಮರಾಠಿ ಮಂದಿ, ಮಾತು ಭಾಳ ಮೆತ್ತಗ. ಎಂಟು ವರ್ಷದಾಗ ಒಂದು ದಿನಾನೂ ದನಿ ಏರಿಸಿದ್ದು ನಾ ಕೇಳಿಲ್ಲ. ನನಗ ಸಿಟ್ಟು ಬರೂದು ಅದಕ್ಕ. ಬೈಯೋ ಮನಷಾ ಆಗಿದ್ರ ನಾನೂ ಒಂದಿನ ಎದುರಾಡಿ, ಕೈಯಾಗಿನ ಒರಸೋ ಅರಬಿ ಬೀಸಿ ಒಗದು ಹೊಂಟು ಹೋಗ್ತಿದ್ದೆ. ನಗ್ತ ನಗ್ತ ಹೆಗಲ ಮ್ಯಾಲೆ ಕೈ ಇಡೋರಿಗೆ ಏನ್ ಮಾಡ್ತೀರಿ?

ಮೊದಲನೇ ದಿನಾನ ಅವರು ನನ್ನ ಸರ್ಟಿಫಿಕೇಟು ಕೇಳಿದ್ರು. ಝೆರಾಕ್ಸ್ ಕೊಟ್ಟೆ. ತಲಿ ಅಲ್ಲಾಡಿಸಿದ್ರು.

"ಒರಿಜಿನಲ್ ಕೊಡು. ಇಂಥಾ ಕಾರ್ ನಿನ್ನ ಕೈಯಾಗ ಬಿಡ್ತೀನಿ, ನಿಂದೂ ಒಂದು ನನ್ನ ಕೈಯಾಗ ಇರ್ಲಿ. ಕಾರಿನ ಕಾಗದದ ಜೋಡಿ ಜೋಪಾನ ಇಡ್ತೀನಿ," ಅಂತ ಮರಾಠಿಯೊಳಗ ಹೇಳಿದ್ರು.

ಕೊಟ್ಟೆ. ಕಾರಿನ ಕಾಗದ ಅಂದ್ರ ಮಾಳಗಿ ಮ್ಯಾಲಿನ ಉಕ್ಕಿನ ಕಪಾಟಿನಾಗ ಇರ್ತಾವ ಅಂತ ನಾನ ಲೆಕ್ಕ ಹಾಕಿದೆ. ಎಲ್ಲಿ ಇಡ್ತೀರಿ ಅಂತ ಕೇಳಲಿಲ್ಲ. ಕೇಳಬೇಕಿತ್ತು. ಅದೊಂದು ಮಾತು ಕೇಳಿದ್ರ ನನ್ನ ಬಾಳೇ ಬ್ಯಾರೆ ಆಗ್ತಿತ್ತು.

ಇನ್ನೊಂದು ನಿಯಮಾನೂ ಅವತ್ತ ಹೇಳಿದ್ರು. "ಹೊರಗಿಂದು ನಿಂದು, ಒಳಗಿಂದು ನಂದು." ಕಾರಿನ ಬಾಗಲಾ ಅವರ ಬಿಟ್ರ ಯಾರೂ ತಗೀಬಾರ್ದು. ಕೀಲಿಕೈ ಸದಾ ಅವರ ಕಿಸೇದಾಗ. ಒಳಗಿನ ಸೀಟು ಅವರ ಒರಸ್ತಿದ್ರು, ಅದೂ ತಿಂಗಳಿಗೊಮ್ಮೆ, ದೇವರ ಖೋಲಿ ಸ್ವಚ್ಛ ಮಾಡಿದಂಗ ಬರಿಗಾಲಲೆ.

ಕಾರು ಎರಡ ಬಾಗಲದ್ದು, ಕೆಂಪಂದ್ರ ಕೆಂಪು, ನೆಲಕ್ಕ ಹೊಟ್ಟಿ ಹಚ್ಚಿಕೊಂಡು ನಿಂತಿರ್ತಿತ್ತು. ನೋಡಿದವರು ಕೆಂಪ ಬಣ್ಣಾನ ಹೊಗಳ್ತಾರ. ಆದ್ರ ಕಾರಿನ ವಯಸ್ಸು ಕಾಣೂದು ಕೆಂಪಿನಾಗ ಅಲ್ಲ, ಕರಿ ಭಾಗದಾಗ. ಬಾಗಲದ ಕೆಳಗಿನ ಕರಿ ಪ್ಲಾಸ್ಟಿಕ್ ಪಟ್ಟಿ, ಬಂಪರಿನ ಅಂಚು, ಕನ್ನಡಿಯ ಬುಡ, ವೈಪರ್ ಕೆಳಗಿನ ಜಾಳಿಗಿ, ಗಾಜಿನ ಸುತ್ತ ಕೂಡಿಸಿದ ರಬ್ಬರು, ಇವೆಲ್ಲಾ ಪುಣೆಯ ಬಿಸಲಿಗೆ ಕರಿ ಹೋಗಿ ಬೂದಿ ಬಣ್ಣಕ್ಕ ತಿರಗಿದ್ವು. ಕಬ್ಬಿಣದ ಕೆಲಸ ಕಲಿತವಗ ಪ್ಲಾಸ್ಟಿಕ್ಕಿನ ಸುದ್ದಿ ಏನ್ ಗೊತ್ತು?

ಐದನೇ ದಿನ ತಪ್ಪು ಮಾಡಿದೆ. ಸಾಹೇಬ್ರು ಕೊಟ್ಟ ಬಿಳಿ ಪಾಲಿಶ್ ಡಬ್ಬಿ ತಗೊಂಡು ಕೆಂಪ ಮೈಗೆ ತಿಕ್ಕಿದೆ. ಹುರುಪಿನಾಗ ಕೈ ಸರಿದು ಕರಿ ಪಟ್ಟಿಗೂ ರಬ್ಬರಿಗೂ ಪಾಲಿಶ್ ಹತ್ತಿತು. ಅದು ಒಣಗಿದ ಮ್ಯಾಲೆ ನೋಡ್ತೀನಿ, ಕರಿ ಪ್ಲಾಸ್ಟಿಕ್ಕಿನ ತುಂಬ ಬಿಳಿ ಬಿಳಿ ಗೆರಿ. ಪ್ಲಾಸ್ಟಿಕ್ಕಿನ ಮೈ ಖರಬರಾ ಇರ್ತದಲ್ಲ, ಆ ಸಣ್ಣ ಸಣ್ಣ ತಗ್ಗಿನಾಗ ಪಾಲಿಶ್ ಹೊಕ್ಕೊಂಡು ಕುಂತಿತ್ತು. ಸಬಕಾರದ ನೀರು ಹಾಕಿದೆ, ಹಲ್ಲು ತಿಕ್ಕೋ ಬ್ರಶ್ಶಿಲೆ ತಿಕ್ಕಿದೆ, ಹೋಗವಲ್ದು. ಸಾಹೇಬ್ರು ಬರೂದಕ್ಕ ಒಂದು ತಾಸು ಇತ್ತು.

ಆಗ ನೆನಪಾದದ್ದು ನಮ್ಮಪ್ಪನ ಎತ್ತು. ಕಾರಹುಣ್ಣಿವಿಗೆ ನಮ್ಮ ಕಡೆ ಎತ್ತಿನ ಕೋಡು ಹೆರದು, ಕುಸುಬಿ ಎಣ್ಣಿ ಹಚ್ಚಿ ತಿಕ್ಕಿ ಮಿಂಚಸ್ತಾರ. ಬಿರುಕು ಬಿಟ್ಟ ಬೂದಿ ಬಣ್ಣದ ಕೋಡು ಎಣ್ಣಿ ಕುಡದ ಮ್ಯಾಲೆ ಕರ್ರಗ ಥಳಥಳ ಅಂತದ. ಖೋಲಿಗೆ ಓಡಿ ಹೋಗಿ ಹೆಂಡತಿಯ ಎಣ್ಣಿ ಬಾಟ್ಲಿ ಎತ್ತಿಕೊಂಡು ಬಂದೆ. ತವರಿಂದ ತಂದ ಗಾಣದ ಕುಸುಬಿ ಎಣ್ಣಿ. ಒಂದು ಅರಬಿ ಚೂರು ಅದರಾಗ ಅದ್ದಿ ಪಟ್ಟಿಗೆ ಎಳದೆ.

ಏನ್ ಹೇಳ್ಲಿ! ಬಿಳಿ ಗೆರಿ ಮಾಯ. ಪಟ್ಟಿ ಎಮ್ಮಿ ಮೈ ತೊಳದಂಗ ಕರ್ರಗ ಆತು. ಹುಚ್ಚು ಹಿಡದವರಂಗ ಎಲ್ಲಾ ಕಡೆ ಹಚ್ಚಿದೆ, ಬಂಪರಿಗೆ, ಕನ್ನಡಿ ಬುಡಕ್ಕ, ಮುಂದಿನ ಗಾಜಿನ ಸುತ್ತಲಿನ ರಬ್ಬರಿಗಂತೂ ಎರಡೆರಡು ಸಲ. ಸಾಹೇಬ್ರು ಬಂದು ನೋಡಿ ನಿಂತ ಬಿಟ್ರು. "ಅರೆ ವಾ! ಕಾಯ್ ಕೇಲಸ್ ರೇ!" ಏನ್ ಮಾಡಿದ್ಯೋ ಅಂತ ಅವರು ಕೇಳೂದು, ನಾನು ಹಲ್ಲು ಕಿಸಿಯೂದು. ಎಣ್ಣಿ ಅಂತ ಹೇಳಾಕ ಬಾಯಿ ಬರಲಿಲ್ಲ. ಬಿಳಿ ಗೆರಿ ಸುದ್ದಿನೂ ಹೇಳಬೇಕಾಗ್ತಿತ್ತಲ್ಲ. "ತಿಕ್ಕಿದೆ ಸಾಹೇಬ, ಬರೇ ತಿಕ್ಕಿದೆ," ಅಂದೆ. ಕೈಗುಣ ಅದ ನಿಂದು ಅಂದ್ರು. ನನಗ ಖುಷಿ ಆತು. ಇಲ್ಲ ಅನ್ನೂದಿಲ್ಲ, ಭಾಳ ಖುಷಿ ಆತು.

ಎಣ್ಣಿ ಹಚ್ಚಿದ ಮೂರನೇ ದಿನಕ್ಕ ಗೊತ್ತಾತು ನಾ ಎಂಥಾ ಹಗ್ಗ ಕೊರಳಿಗೆ ಹಾಕ್ಕೊಂಡೀನಿ ಅಂತ. ಎಣ್ಣಿ ಜಿಗಟ ಆಗಿ ರಸ್ತೇದ ಧೂಳೆಲ್ಲಾ ಅದಕ್ಕ ಅಂಟಿ, ಕರಿ ಪಟ್ಟಿ ಮೊದಲಿಗಿಂತ ಹೊಲಸು ಕಾಣ್ತಿತ್ತು. ಮತ್ತ ಸಬಕಾರ ಹಾಕಿ ತೊಳಿ, ಒಣಗಸು, ಮತ್ತ ಎಣ್ಣಿ ಹಚ್ಚು. ಒಂದು ದಿನ ಬಿಟ್ರ ಮಂಕು, ಎರಡು ದಿನ ಬಿಟ್ರ ಬೂದಿ. ದಿನಾ ಮುಂಜಾನೆ ಸಾಹೇಬ್ರು ಏಳೂದಕ್ಕ ಮದಲ ಬಾಟ್ಲಿ ಅರಬಿಯೊಳಗ ಸುತ್ತಿಕೊಂಡು, ಕಳವು ಮಾಡೋರಂಗ ಪೋರ್ಚಿಗೆ ಹೋಗೂದು ನನ್ನ ನೇಮ ಆತು.

"ಏನ್ರಿ, ಕೆಂಪಿಗೆ ಒಗ್ಗರಣಿ ಹಾಕಿ ಬಂದ್ರೇನು?" ಅಂತ ನಮ್ಮಾಕಿ ಕಾಡ್ತಿದ್ಳು. "ನನ್ನ ಚಟ್ನಿಗೆ ಎರಡು ಹನಿ ಉಳಸೀರೋ ಇಲ್ಲೋ?"

"ಉಳಸೀನಿ ತಾಯಿ, ಬಡ್ಕೋಬ್ಯಾಡ."

"ನಮ್ಮವ್ವ ಅಳಿಯ ಉಣ್ಣಲಿ ಅಂತ ಕಳಸ್ತಾಳ, ಅಳಿಯ ನೋಡಿದ್ರ ಸವತಿಗೆ ಅಭ್ಯಂಗ ಮಾಡ್ಸಾಕತ್ಯಾನ."

ಆಗ ನಗ್ತಿದ್ವಿ. ನಗು ಕಡಿಮಿ ಆಗಿದ್ದು ರೊಟ್ಟಿ ಸಲುವಾಗಿ. ಮಾಳಗಿ ಮ್ಯಾಲೆ ಸಾಹೇಬ್ರ ತಾಯಿ ಇದ್ರು, ಎಲ್ಲಾರೂ ಆಜಿ ಅಂತಿದ್ರು. ನಮ್ಮ ಖೋಲಿ ಅವರ ಕಿಡಕಿ ಕೆಳಗ. ಮುಂಜಾನೆ ರೊಟ್ಟಿ ಬಡಿಯೋ ಸಪ್ಪಳಕ್ಕ ಅವರ ನಿದ್ದಿ ಕೆಡ್ತದ, ಹತ್ತರ ಮ್ಯಾಲೆ ಮಾಡ್ಕೋರಿ ಅಂತ ಸಾಹೇಬ್ರು ಪೋರ್ಚಿನಾಗ ನನ್ನ ಕರದು ನಗ್ತ ಹೇಳಿದ್ರು. ಜ್ವಾಳದ ರೊಟ್ಟಿ ಸಪ್ಪಳ ಇಲ್ದ ಹೆಂಗ ಆಗ್ತದ? ತಟ್ಟಿದ್ರನ ರೊಟ್ಟಿ. ನಮ್ಮಾಕಿ ಎರಡು ದಿನ ಹಿಟ್ಟು ನಾದಿ, ಸಪ್ಪಳ ಆಗದಂಗ ಬೆರಳಿಲೆ ಒತ್ತಿ ಒತ್ತಿ ನೋಡಿದ್ಳು. ದಪ್ಪಗ, ಹಸಿ ಹಸಿ, ನಾಯಿ ಮೂಸಂಗಿಲ್ಲ. ಮೂರನೇ ದಿನ ಹಿಟ್ಟಿನ ಮುಂದ ಕುಂತು ಅತ್ಳು. "ನಮ್ಮ ಮನ್ಯಾಗ ರೊಟ್ಟಿ ಬಡಿಯಾಕ ಮಂದಿ ಪರವಾನಿಗಿ ತಗೋಬೇಕೇನ್ರಿ? ಎರಡು ತಿಂಗಳು ಅಂದಿದ್ರಿ." ಆಗಲೇ ಒಂದು ವರ್ಷ ಆಗಿತ್ತು.

ಬಿಡಬೇಕು ಅಂತ ಹೋದಾಗೆಲ್ಲಾ ಸಾಹೇಬ್ರದು ಒಂದ ಮಾತು. "ಬಘೂ." ಅಂದ್ರ ನೋಡೂಣು. ಹೆಗಲ ಮ್ಯಾಲೆ ಕೈ. "ಏನ್ ಕಡಿಮಿ ಆಗ್ಯದ ನಿನಗ ಇಲ್ಲಿ? ಬಘೂ." ನನ್ನ ಮೈದುನನ ಲಗ್ನಕ್ಕಂತ ನಾಕು ದಿನ ಊರಿಗೆ ಹೋಗಿ ಬಂದೆ. ಬಂದು ನೋಡಿದ್ರ ಕೆಂಪಿಯ ಕರಿ ಭಾಗೆಲ್ಲಾ ಬೂದಿ ಬಳದಂಗ ಆಗಿತ್ತು. ಸಾಹೇಬ್ರು ಅದನ್ನ ತೋರಿಸಿ, "ನೋಡು, ನೀ ಇಲ್ಲಂದ್ರ ಏನ್ ಗತಿ ಆಗ್ತದ. ಬ್ಯಾರೆ ಯಾರ ಕೈಗೂ ಇದು ಬಗ್ಗೂದಿಲ್ಲ," ಅಂದ್ರು. ಅವತ್ತಿನಿಂದ ಸೂಟಿ ಬಂದ್. ಮನಿಗೆ ಬಂದ ಗೆಳೆಯರಿಗೆಲ್ಲಾ ನನ್ನ ಕರದು ತೋರಸ್ತಿದ್ರು. ಇವ ಕಾನಡಿ, ಇವನ ಕೈಯಾಗ ಜಾದೂ ಅದ ಅಂತ. ನನ್ನ ಕೈಯಾಗಿಂದ ಕುಸುಬಿ ವಾಸನಿ ಬರ್ತದೇನೋ ಅಂತ ನಾ ಕೈ ಬೆನ್ನಿಗೆ ಕಟಗೊಂಡು ನಿಂದರ್ತಿದ್ದೆ.

ಎಣ್ಣಿ ಅಂತ ಖರೇ ಹೇಳಿಬಿಟ್ರ? ಹೇಳಾಕ ಎರಡು ಸಲ ಹೋದೆ. ಪ್ರತಿ ಸಲ ಒಂದ ಹೆದರಿಕಿ. ಇವನ ನನ್ನ ಕಾರ್ ಕೆಡಸ್ಯಾನ ಅಂತ ಕಾಗದ ಹಿಡಕೊಂಡು ಕುಂತ್ರ? ಸರ್ಟಿಫಿಕೇಟು ಇಲ್ಲದ ಫಿಟರ್ ಅಂದ್ರ ಪುಣೇದಾಗ ಬರೇ ಕೂಲಿ. ಕಳದದ ಅಂತ ಸುಳ್ಳು ಹೇಳಿ ಡುಪ್ಲಿಕೇಟ್ ತಗೀಬಹುದಿತ್ತು. ಅದಕ್ಕ ಪೋಲೀಸ್ ಠಾಣೆದಾಗ ಬರೆಸಬೇಕು, ಊರಿಗೆ ಹತ್ತು ಸಲ ಅಡ್ಡಾಡಬೇಕು. ಸೂಟಿ ಎಲ್ಲಿಂದ ತರ್ಲಿ?

ಹಿಂಗ ಮೂರು ವರ್ಷ ಹೋದ್ವು. ಆಗ ಪುಣೆ ಹೊರಗ ರಾಂಜಣಗಾಂವದಾಗ ಹೊಸಾ ಹೊಸಾ ಕಾರ್ಖಾನಿ ಏಳಾಕತ್ತಿದ್ವು. ಒಂದಕ್ಕ ಅರ್ಜಿ ಹಾಕಿದ್ದೆ, ಜುಲೈದಾಗ ಕರೆ ಬಂತು. ಫಿಟರ್ ಕೆಲಸ, ಕಾಯಂ. ಶುಕ್ರವಾರ ಮುಂಜಾನೆ ಹತ್ತಕ್ಕ ಬರಬೇಕು, ಒರಿಜಿನಲ್ ಸರ್ಟಿಫಿಕೇಟು ಇಲ್ಲದ ಬಂದವರನ್ನ ಒಳಗ ಬಿಡೂದಿಲ್ಲ ಅಂತ ಕೆಳಗ ಗೆರಿ ಎಳದು ಬರದಿದ್ರು. ವಯಸ್ಸು ಮೂವತ್ತರ ಒಳಗಿರಬೇಕು ಅಂತನೂ ಇತ್ತು. ನನಗ ಮೂವತ್ತು ತುಂಬಾಕ ಎರಡು ತಿಂಗಳು ಉಳದಿತ್ತು. ಆ ಚೀಟಿ ಹಿಡಕೊಂಡು ನಮ್ಮಾಕಿ ಆಜಿಯ ಕಿಡಕಿ ಕಡೆ ನೋಡಿದ್ಳು. ಆಮ್ಯಾಲೆ, "ಅಲ್ಲಿ ನಮ್ಮ ಖೋಲಿ ಮ್ಯಾಲೆ ಯಾರೂ ಇರೂದಿಲ್ಲಲ್ರಿ?" ಅಂತ ಕೇಳಿದ್ಳು. ಇಲ್ಲ ಅಂದೆ. ಅಷ್ಟ ಸಾಕಾತು ಅಕಿಗೆ.

ಸಾಹೇಬ್ರ ಹತ್ರ ಹೋಗಿ ಸರ್ಟಿಫಿಕೇಟು ಕೇಳಿದೆ. ಯಾಕಂತ ಕೇಳಿದ್ರು, ಇದ್ದದ್ದು ಹೇಳಿದೆ. "ಬಘೂ," ಅಂದ್ರು.

ಆಗ ನಮ್ಮಾಕಿ ಒಂದು ಉಪಾಯ ತಗದ್ಳು. "ನಿಮ್ಮನ್ನ ಹಿಡದಿಟ್ಟಿದ್ದು ನನ್ನ ಎಣ್ಣಿ. ಅದನ್ನ ಹಚ್ಚೂದು ಬಿಡ್ರಿ. ಕೆಂಪಿ ಮಾರಿ ಹೊಲಸಾತಂದ್ರ ಅವರ ನಿಮ್ಮ ಕಾಗದ ಮಾರಿ ಮ್ಯಾಲೆ ಒಗದು ಹೋಗಂತಾರ." ಶಾಣ್ಯಾ ಮಾತು ಅನಿಸ್ತು. ಶುಕ್ರವಾರಕ್ಕ ಹತ್ತು ದಿನ ಇರ್ತ ಬಾಟ್ಲಿ ಮುಟ್ಟೂದು ಬಿಟ್ಟೆ. ಬರೇ ನೀರಿಲೆ ಒರಸ್ತಿದ್ದೆ. ನಾಕು ದಿನದಾಗ ಕರಿ ಪಟ್ಟಿ ಮಂಕಾಗಿ, ಬೂದಿಯಾಗಿ, ಅಲ್ಲಲ್ಲಿ ಜಿಗಟ ಗಟ್ಟಿಯಾಗಿ ಹಕ್ಕಳಿ ಕಟ್ಟಿದಂಗ ಆತು. ನಾನು ಎದಿ ಗಟ್ಟಿ ಮಾಡಿಕೊಂಡು ಬೈಗಳ ಹಾದಿ ಕಾಯ್ತಿದ್ದೆ. ಜೀವನದಾಗ ಮೊದಲನೇ ಸಲ ನನಗ ಬೈಗಳ ಬೇಕಾಗಿತ್ತು.

ಸಾಹೇಬ್ರು ಕಾರಿನ ಸುತ್ತ ಒಂದು ಸುತ್ತು ಹಾಕಿದ್ರು. ನನ್ನ ಮಾರಿ ನೋಡಿದ್ರು. ಹೆಗಲ ಮ್ಯಾಲೆ ಕೈ ಇಟ್ರು.

"ಮೈಯಾಗ ಆರಾಮಿಲ್ಲೇನು? ಡಾಕ್ಟರ್ ಕಡೆ ಹೋಗಿ ಬಾ. ಕಾರ್ ಇರ್ತದ, ಎಲ್ಲಿಗೆ ಹೋಗ್ತದ."

ಖೋಲಿಗೆ ಬಂದು ಗ್ವಾಡಿಗೆ ಗುದ್ದಿದೆ. ಕೈ ಬಾತು ಎರಡು ದಿನ ಖರೇನ ಡಾಕ್ಟರ್ ಕಡೆ ಹೋಗಬೇಕಾತು. ನಮ್ಮಾಕಿ ಅರಿಷಿಣ ಹಚ್ಚಿಕೋತ, "ಒಳ್ಳೇವ್ರು ಅಂದ್ರ ಇಂಥವ್ರು ನೋಡ್ರಿ, ಉಸಿರು ಕಟ್ಟಿ ಸಾಯ್ಬೇಕು," ಅಂದ್ಳು. ಇಬ್ರೂ ನಕ್ವಿ.

ಬುಧವಾರ ಸಂಜಿಮುಂದ ಸಾಹೇಬ್ರು ಕಾರ್ ಹೊರಗ ತಗದ್ರು. ಖಡಕಿ ಕಡೆ ಯಾರೋ ಮಿಲಿಟರಿ ಗೆಳೆಯರಿಗೆ ತೋರಸಾಕ. ಮಳಿಗಾಲದಾಗ ಅವರು ಅದನ್ನ ಹೊರಗ ತಗೀತಿರಲಿಲ್ಲ, ಅವತ್ತ ಬಿಸಲು ಬಿದ್ದಿತ್ತು ಅಂತ ತಗದ್ರು. ಅರ್ಧಾ ತಾಸಿಗೆ ಮುಗಲು ಹರದು ಬಿದ್ದಂಗ ಮಳಿ. ಎರಡು ತಾಸು ಗೆಳೆಯರ ಮನಿ ಮುಂದ ಕಾರು ನೆನಕೋತ ನಿಂತಿತ್ತಂತ.

ಗುರುವಾರ ಮುಂಜಾನೆ ಸಾಹೇಬ್ರ ನಮ್ಮ ಖೋಲಿ ಬಾಗಲಕ್ಕ ಬಂದ್ರು. ಅವರು ಅಲ್ಲಿಗೆ ಬಂದಿದ್ದು ಅದ ಮೊದಲು.

"ಕಾರಿನ ಒಳಗ ನೀರು ಬಂದದ. ನನಗ ಮುಂಬೈಯಿಂದ ಫೋನ್ ಬರೂದದ, ಇವತ್ತೊಂದಿನ ಒಳಗಿಂದೂ ನೀನ ಒರಸು," ಅಂತ ಹೇಳಿ ಕೀಲಿಕೈ ನನ್ನ ಕೈಯಾಗ ಇಟ್ರು. ಎರಡು ಹೆಜ್ಜಿ ಹೋದವರು ತಿರುಗಿ ನಿಂತ್ರು. "ಮತ್ತ ಕೇಳು. ರಾತ್ರಿ ವಿಚಾರ ಮಾಡಿದೆ. ಹರೇದ ಮನಷಾ, ನಿನ್ನ ಹಿಡದು ನಾ ಯಾಕ ಪಾಪ ಕಟ್ಟಿಕೊಳ್ಳಿ. ಹೋಗು ನಿನ್ನ ರಾಂಜಣಗಾಂವಕ್ಕ. ನಿನ್ನ ಕಾಗದ ಅಲ್ಲೇ ಅದ, ಕಾರಿನಾಗ, ಎಡಗಡೆ ಸೀಟಿನ ಮುಂದಿನ ಖಾನೆದಾಗ. ಕಾರಿನ ಕಾಗದದ ಜೋಡಿ ಇಟ್ಟೀನಿ ಅಂತ ಹೇಳಿರಲಿಲ್ಲೇನು? ತಗೋ."

ನಮ್ಮಾಕಿ ಬಾಗಲದಾಗ ನಿಂತಿದ್ಳು. ಅವರು ಆ ಕಡೆ ಹೋಗೂದ ತಡ, ಎರಡೂ ಕೈ ಬಾಯಿಗೆ ಇಟಗೊಂಡು ಕುಂತ ಬಿಟ್ಳು. ನಾ ಓಡಿದೆ. ಪೋರ್ಚಿನ ತನಕ ಮಕ್ಕಳಂಗ ಓಡಿದೆ.

ಬಾಗಲಾ ತಗದೆ. ಚಪ್ಪಲಿ ಹೊರಗ ಬಿಟ್ಟು ಒಳಗ ಎಡಗಡೆ ಸೀಟಿನಾಗ ಕುಂತೆ. ಮೂರು ವರ್ಷದಾಗ ಮೊದಲನೇ ಸಲ. ಸೀಟು ಎಷ್ಟು ಕೆಳಗ ಇತ್ತಂದ್ರ ನೆಲದಾಗ ಕುಂತಂಗ ಅನಿಸ್ತು. ಒಳಗಿನಿಂದ ಮುಂದಿನ ಗಾಜು ನೋಡಿದೆ. ಇದ ಗಾಜಿನ ಆ ಕಡೆ ನಿಂತು ದಿನಾ ಮುಂಜಾನೆ ರಬ್ಬರಿಗೆ ಎಣ್ಣಿ ತಿಕ್ಕೀನಲ್ಲ, ನನ್ನ ಕಾಗದ ಒಂದು ಮೊಳ ದೂರದಾಗ ಇತ್ತಲ್ಲ ಅಂತ ನಗು ಬಂತು. ಕಾಲಾಗ ನೀರು ಚಪಚಪ ಅಂತಿತ್ತು. ಅದನ್ನ ಆಮ್ಯಾಲೆ ಒರಸಿದ್ರಾತು. ಮೊದಲು ಖಾನೆ ತಗದೆ.

ಖಾನೆಯೊಳಗಿನಿಂದ ನೀರು ನನ್ನ ತೊಡಿ ಮ್ಯಾಲೆ ಸುರೀತು.

ಒಳಗ ಒಂದು ಪ್ಲಾಸ್ಟಿಕ್ ಫೈಲಿತ್ತು, ಬಾಯಿ ಮ್ಯಾಲೆ ಮಾಡಿ ಇಟ್ಟದ್ದು. ಅದರಾಗ ನೀರು ತುಂಬಿ ಚೀಲದಂಗ ಉಬ್ಬಿತ್ತು. ಕಾರಿನ ಕಾಗದ, ನನ್ನ ಕಾಗದ ಎಲ್ಲಾ ಒಂದಕ್ಕೊಂದು ಅಂಟಿ ಮುದ್ದಿ ಆಗಿದ್ವು. ಬೆರಳ ತುದಿಲೆ ಬಿಡಿಸಿದೆ. ಬಿಡಿಸಿದಲ್ಲೆ ಹರೀತಿತ್ತು. ಮಸಿ ಎಲ್ಲಾ ಇಳದು ನೀಲಿ ನೀರಾಗಿತ್ತು. ಮೊಹರು ಇದ್ದಲ್ಲಿ ಒಂದು ಜಾಂಬಳಿ ಕಲಿ. ನನ್ನ ಹೆಸರು ಇರಲಿಲ್ಲ. ನಮ್ಮಪ್ಪನ ಹೆಸರಿನ ಕಡೀ ಎರಡು ಅಕ್ಷರ ಉಳದಿದ್ವು.

ಖಾನೆದಾಗ ಉಳದ ನೀರಿನ ಮ್ಯಾಲೆ ಸಣ್ಣ ಸಣ್ಣ ಎಣ್ಣಿ ಹನಿ ತೇಲ್ತಿದ್ವು. ಬೆರಳು ಅದ್ದಿ ಮೂಸಿದೆ. ಮೂಸೂದು ಬೇಕಾಗಿರಲಿಲ್ಲ.

ತಲಿ ಎತ್ತಿ ಗಾಜಿನ ಸುತ್ತಲಿನ ರಬ್ಬರ್ ಒತ್ತಿದೆ. ಒಳಗಿನಿಂದ ಒತ್ತಿದ್ರ ನೆನಿ ಇಟ್ಟ ಕಡ್ಲಿಯಂಗ ಮೆತ್ತಗ ಇತ್ತು. ಮೂರು ವರ್ಷ ಎಣ್ಣಿ ಕುಡದು ಕುಡದು ಉಬ್ಬಿ, ಗಾಜಿನ ಅಂಚು ಬಿಟ್ಟು ಹೊರಗ ಬಾಯಿ ತಗದಿತ್ತು. ನೀರು ಬಂದ ಹಾದಿ ಅದ. ಅಲ್ಲಿಂದ ಸೀದಾ ಖಾನೆಗೆ. ಆ ಹಾದಿ ನನ್ನ ಕೈಲೆ, ದಿನಾ ಮುಂಜಾನೆ, ಎರಡೆರಡು ಸಲ ತಿಕ್ಕಿ ತಿಕ್ಕಿ ನಾನ ಮಾಡಿದ್ದು. ರಬ್ಬರಿಗೆ ಅಡಗಿ ಎಣ್ಣಿ ಹಾಕಬಾರ್ದು, ಅದು ರಬ್ಬರಿನ ಜೀವಾ ತಗೀತದ ಅಂತ ಈಗ ಕೂಸಿಗೂ ಗೊತ್ತದ. ನನಗ ಗೊತ್ತಿದ್ದದ್ದು ಎತ್ತಿನ ಕೋಡು.

ಯಾರ ಮ್ಯಾಲೆ ಸಿಟ್ಟಾಗ್ಲಿ? ಹುಡುಕಿದೆ, ಯಾರೂ ಸಿಗಲಿಲ್ಲ. ಅದ ಖಾನೆ ಮ್ಯಾಲೆ ಹಣಿ ಇಟ್ಟು ಅತ್ತೆ. ಗಂಡಸು ಹಂಗ ಅಳಬಾರ್ದಂತ. ಅತ್ತೆ.

ಸಾಹೇಬ್ರು ಬಂದು, "ಸಿಕ್ತೇನು?" ಅಂತ ಬಗ್ಗಿ ನೋಡಿದ್ರು. ಕೈಯಾಗಿನ ಮುದ್ದಿ ತೋರಿಸಿದೆ. ಅವರ ಮಾರಿ ಸಣ್ಣದಾತು. ನೀರು ಎಲ್ಲಿಂದ ಬಂತು ಅಂದ್ರು. ಅವತ್ತ ಎಲ್ಲಾ ಹೇಳಿದೆ. ಬಿಳಿ ಗೆರಿಯಿಂದ ಹಿಡದು, ಹೆಂಡತಿಯ ಬಾಟ್ಲಿ, ಎತ್ತಿನ ಕೋಡು, ಎಲ್ಲಾ. ಹೇಳಿಕೋತ ಹೇಳಿಕೋತ ಸಿಟ್ಟು ಬಂತು. "ನಾ ಎಣ್ಣಿ ಹಚ್ಚಿದ್ದು ತಪ್ಪು. ನನ್ನ ಬಾಳಿನ ಕಾಗದ ಕಾರಿನಾಗ ಇಟ್ಟಿದ್ದು ಯಾರ ತಪ್ಪು ಸಾಹೇಬ?" ಅಂತ ದನಿ ಏರಿಸಿದೆ.

ಅವರು ಹೆಬ್ಬಟ್ಟಿಲೆ ರಬ್ಬರ್ ಒತ್ತಿ ನೋಡಿದ್ರು.

"ಎಲ್ಲಿ ಇಟ್ಟೀರಿ ಅಂತ ನೀ ಒಂದ ಸಲಾನೂ ಕೇಳಲಿಲ್ಲ," ಅಂದ್ರು. ಆವಾಗಲೂ ಮೆತ್ತಗನ ಅಂದ್ರು.

ನಮ್ಮಾಕಿ ಆ ಕಾಗದಾನ ಬೆಚ್ಚಗಿನ ಹಂಚಿನ ಮ್ಯಾಲೆ, ಅರಬಿ ಹಾಸಿ, ಹಪ್ಪಳ ಒಣಗಿಸಿದಂಗ ಒಣಗಿಸಿದ್ಳು. ಕಾಗದ ಗಟ್ಟಿ ಆತು. ಅಕ್ಷರ ಬರಲಿಲ್ಲ. "ಆದ್ರೂ ಹೋಗ್ರಿ," ಅಂದ್ಳು, "ಕಣ್ಣಿದ್ದವರು ಯಾರೆರೆ ಇರ್ತಾರ ಅಲ್ಲಿ."

ಶುಕ್ರವಾರ ಮುಂಜಾನೆ ಆರಕ್ಕ ನನ್ನ ಎಚ್ಚರ ಮಾಡಿದ್ದು ರೊಟ್ಟಿ ಸಪ್ಪಳ. ಪಟ ಪಟ ಪಟ, ಊರಾಗ ಬಡದಂಗ, ಹಿಟ್ಟಿನ ಕೊಣಮಗಿ ನಡುಗೂ ಹಂಗ ಬಡ್ಯಾಕತ್ತಿದ್ಳು. ಮಾಳಗಿ ಮ್ಯಾಲಿನ ಕಿಡಕಿ ಕಿರ್ ಅಂತ ತಗೀತು. ಅಕಿ ತಲಿ ಎತ್ತಲಿಲ್ಲ. ಐದು ರೊಟ್ಟಿ ಬಡದ್ಳು. ಬಾಟ್ಲಿಯೊಳಗ ಉಳದ ಕುಸುಬಿ ಎಣ್ಣಿ ಅಷ್ಟೂ ಶೇಂಗಾ ಚಟ್ನಿ ಮ್ಯಾಲೆ ಸುರುವಿ, ಬಾಟ್ಲಿ ಬಗ್ಗಿಸಿ ತೋರಿಸಿದ್ಳು. "ಇನ್ನ ನಿಮಗ. ಅಕಿಗಿಲ್ಲ."

ರಾಂಜಣಗಾಂವದಾಗ ಗೇಟಿನ ಹತ್ರ ಟೇಬಲ್ ಹಾಕಿಕೊಂಡು ಒಬ್ರು ಕಾಗದ ನೋಡ್ತಿದ್ರು. ಕೆಟ್ಟವರಲ್ಲ. ನನ್ನ ಕಾಗದ ತಗೊಂಡು ಹೊಳ್ಳಿಸಿ ಮಳ್ಳಿಸಿ ನೋಡಿದ್ರು, ಬೆಳಕಿಗೆ ಹಿಡದ್ರು, ನನ್ನ ಮಾರಿ ನೋಡಿದ್ರು.

"ಒರಿಜಿನಲ್ ತಗೊಂಡು ಬರ್ರಿ," ಅಂದ್ರು.

"ಇದ ಒರಿಜಿನಲ್ ರೀ," ಅಂದೆ.

ಅವರು ಕಾಗದ ತಿರುಗಿ ನನ್ನ ಕೈಯಾಗ ಕೊಟ್ಟು ನನ್ನ ಹಿಂದಿನವರನ್ನ ಕರದ್ರು. ಡುಪ್ಲಿಕೇಟ್ ಬಂದದ್ದು ಮುಂದಿನ ಬ್ಯಾಸಗಿಗೆ. ಅಷ್ಟರಾಗ ನನಗ ಮೂವತ್ತು ದಾಟಿತ್ತು. ಆ ಮ್ಯಾಲೆ ಯಾವ ಕಾಯಂ ಕೆಲಸದ ಗೇಟಿನಾಗೂ ನನ್ನ ಕರೀಲಿಲ್ಲ.

ಬಸ್ ಇಳದು ಬಂಗ್ಲೆಗೆ ಬಂದಾಗ ಮಧ್ಯಾಹ್ನ ನಾಕು ಹೊಡದಿತ್ತು. ಸಾಹೇಬ್ರು ಪೋರ್ಚಿನಾಗ ಕಾರಿನ ಹತ್ರ ನಿಂತಿದ್ರು. ಏನಾತು ಅಂತ ಕೇಳಲಿಲ್ಲ, ಮಾರಿ ನೋಡಿನ ತಿಳಕೊಂಡ್ರು. ಅವರ ಕೈಯಾಗ ಒಂದು ಹೊಸಾ ಬಾಟ್ಲಿ ಇತ್ತು, ಕರಿ ಪ್ಲಾಸ್ಟಿಕ್ಕಿಗೆ, ರಬ್ಬರಿಗೆ ಅಂತನ ಮಾಡಿದ್ದು.

"ಇನ್ನ ಮ್ಯಾಲೆ ಇದನ್ನ ಹಚ್ಚು. ಸ್ವಲ್ಪನ ಹಚ್ಚಬೇಕಂತ, ಹಚ್ಚಿ ಒರಸಿ ತಗೀಬೇಕಂತ. ಹೊಸಾ ರಬ್ಬರ್ ಪರದೇಶದಿಂದ ತರಸ್ತೀನಿ. ಅದು ಬರೂ ತನಕ ನೀ ಇರಬೇಕಾಗ್ತದ," ಅಂದ್ರು. ಹೆಗಲ ಮ್ಯಾ‍ಲೆ ಕೈ ಇಟ್ರು.

ಬಾಟ್ಲಿ ತಗೊಂಡೆ. ಅವರು ಕಾರಿಗೆ ಕೀಲಿ ಹಾಕಿ, ಕೀಲಿಕೈ ಕಿಸೇದಾಗ ಇಟಗೊಂಡು ಮ್ಯಾಲೆ ಹೋದ್ರು. ನಾ ಅರಬಿ ಝಾಡಿಸಿ, ಮುಂದಿನ ಗಾಜಿನ ಕಡೆಯಿಂದ ಶುರು ಮಾಡಿದೆ. ಆ ರಬ್ಬರ್ ಬರಾಕ ಎರಡು ವರ್ಷ ಹಿಡೀತು. ಬಂದ ಮ್ಯಾಲೂ ನಾ ಮೂರು ವರ್ಷ ಅಲ್ಲೇ ಇದ್ದೆ.